ಬಾಣದಕ್ಕ ಬಾಯಿ ಮುಚ್ಚಿದ ಎರಡು ದಿನ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಾಣದಕ್ಕನ ವಿಷಯದಲ್ಲಿ ಈ ಗಾದೆ ನಡೆಯುವುದಿಲ್ಲ. ಅವಳು ಚೆನ್ನಾಗಿಯೇ ಕುಣಿಯಬಲ್ಲವಳು, ಆದರೂ ನೆಲ ಡೊಂಕು ಎನ್ನುವವಳು. ಸಾಲದ್ದಕ್ಕೆ ನೆಲ ನಿಜವಾಗಿಯೂ ಡೊಂಕಾಗಿರುತ್ತಿತ್ತು. ಸುಮ್ಮಸುಮ್ಮನೆ ತಪ್ಪು ಹುಡುಕುವವರ ಜೊತೆ ಹೇಗೋ ಬಾಳಬಹುದು, ಜಗಳವಾಡಿ ಗೆಲ್ಲಲೂಬಹುದು. ಯಾವಾಗಲೂ ಸರಿಯಾಗಿಯೇ ತಪ್ಪು ಹಿಡಿಯುವವರ ಜೊತೆ ಬಾಳುವುದು ಹೇಗೆಂದು ಅವಳ ಮನೆಯವರನ್ನು ಕೇಳಬೇಕು. ಅವರೂ ಹೇಳಲಾರರು.

ತಪ್ಪು ಹಿಡಿಯುವುದೇ ಅವಳ ಹೊಟ್ಟೆಪಾಡು. ದೊಡ್ಡದೊಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಚೆಕ್ಕರ್. ಟ್ಯೂಬ್‌ಲೈಟಿನ ಕೆಳಗೆ ಎದೆಮಟ್ಟದ ಮೇಜು, ಎಡಕ್ಕೆ ಹೊಲಿದು ಬಂದ ಅಂಗಿಗಳ ರಾಶಿ, ಬಲಕ್ಕೆ ಎರಡು ಬುಟ್ಟಿ. ಮೊದಲು ಕಾಲರ್, ಆಮೇಲೆ ಗುಂಡಿಪಟ್ಟಿ, ತೋಳು, ಪಕ್ಕದ ಹೊಲಿಗೆ, ಕೊನೆಗೆ ಅಂಚು. ಈ ಕ್ರಮ ತಪ್ಪಿದ್ದನ್ನು ಯಾರೂ ನೋಡಿಲ್ಲ. ಎಲ್ಲಾದರೂ ನೂಲು ಜೋತುಬಿದ್ದಿದ್ದರೆ, ಹೊಲಿಗೆ ಹಾರಿದ್ದರೆ, ಆ ಜಾಗಕ್ಕೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಎರಡನೆಯ ಬುಟ್ಟಿಗೆ ಎಸೆಯುವುದು. ಬಾಣಗಳ ಸುರುಳಿ ಅವಳ ಎಡಗೈ ಮಣಿಕಟ್ಟಿನಲ್ಲಿ ಬಳೆಯ ಹಾಗೆ ಸದಾ ಇರುತ್ತಿತ್ತು. ಹೊಲಿಗೆಯ ಹುಡುಗಿಯರು ಅವಳಿಗೆ ಬಾಣದಕ್ಕ ಎಂದು ಹೆಸರಿಟ್ಟಿದ್ದು ಅದಕ್ಕೇ. ಒಮ್ಮೆ ಎಡತೋಳಿಗಿಂತ ಬಲತೋಳು ಚೂರು ಉದ್ದವಾದ ಅಂಗಿಗಳನ್ನು ಪಾಸು ಮಾಡೆಂದು ಮೇಲಿನವರು ಒತ್ತಾಯಿಸಿದಾಗ ಅವಳು ಹೋಗಿ ಲಾರಿಯ ಬಾಗಿಲಲ್ಲೇ ಕೂತುಬಿಟ್ಟಿದ್ದಳು. ಅಂಗಿಗಳು ಹೋಗಲಿಲ್ಲ. ಬಡ್ತಿಯೂ ಅವಳ ಕಡೆ ಬರಲಿಲ್ಲ. ಅದಕ್ಕೆ ಅವಳು ಚಿಂತಿಸಲಿಲ್ಲ. ಬಡ್ತಿಯ ಪತ್ರದಲ್ಲಿ ಎಷ್ಟು ತಪ್ಪಿರುತ್ತಿತ್ತೋ ಯಾರಿಗೆ ಗೊತ್ತು.

ಕಾರ್ಖಾನೆಯ ಗೇಟು ದಾಟಿದ ಮೇಲೆ ಆ ಸುರುಳಿಯನ್ನು ತೆಗೆದಿಟ್ಟು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ತೆಗೆದಿಡಲಿಲ್ಲ. ಗಂಡ ತೊಳೆದಿಟ್ಟ ಪಾತ್ರೆಯ ತಳಕ್ಕೆ ಬಾಣ. ಪಕ್ಕದ ಮನೆಯವರು ಹೊಸದಾಗಿ ಹಾಕಿಸಿದ ಗೇಟಿನ ಕೀಲಿಗೆ ಬಾಣ. ಮೊಸರಿನಲ್ಲಿ ಕಲ್ಲು ಹುಡುಕುವವರಿದ್ದಾರೆ, ಇವಳಿಗೆ ಹುಡುಕುವ ಶ್ರಮವೂ ಇರಲಿಲ್ಲ; ಕಲ್ಲುಗಳು ತಾವಾಗಿಯೇ ತೇಲಿ ಬರುತ್ತಿದ್ದವು. ಗಂಡ ಬಲು ಬೇಗ ಮಾತು ಕಡಿಮೆ ಮಾಡಿ ಬಚಾವಾದ. ಸಿಕ್ಕಿಬಿದ್ದವಳು ಒಬ್ಬಳೇ ಮಗಳು.

ಮಗಳು ಮೊದಲ ಕೆಲಸದ ಸಂದರ್ಶನಕ್ಕೆ ಹೋದ ದಿನ ಬಾಣದಕ್ಕ ಅವಳ ಅಂಗಿಯ ಹಿಂದಿನ ಕಾಲರಿನಲ್ಲಿ ಒಂದು ನೂಲು ಕಂಡು ಬಾಣ ಅಂಟಿಸಿದಳು, ಕತ್ತರಿ ತರಲು ಒಳಗೆ ಹೋದಳು, ಅಷ್ಟರಲ್ಲಿ ಹುಡುಗಿ ಬಸ್ಸಿಗೆ ತಡವಾಯಿತೆಂದು ಹೊರಟುಬಿಟ್ಟಿದ್ದಳು. ಇಡೀ ದಿನ ಆ ಕಚೇರಿಯ ಜನ ಅವಳ ಬೆನ್ನ ಹಿಂದೆ ನಿಂತು ಬಾಣ ಏನನ್ನು ತೋರಿಸುತ್ತಿದೆಯೆಂದು ಬಗ್ಗಿ ಬಗ್ಗಿ ನೋಡಿದರು. ಕೆಲಸ ಸಿಗಲಿಲ್ಲ. ಬಾಣದಕ್ಕನ ಪ್ರಕಾರ ಅದಕ್ಕೆ ಕಾರಣ ಆ ನೂಲು.

ಇದನ್ನೂ ಮಗಳು ಹೊಟ್ಟೆಗೆ ಹಾಕಿಕೊಂಡಳು. ಬೇರೆ ಊರಲ್ಲಿ ಬೇರೆ ಕೆಲಸ ಹಿಡಿದಳು, ಮದುವೆಯಾದಳು, ಬಸುರಾದಳು. ಏಳನೆಯ ತಿಂಗಳಲ್ಲಿ ನೋಡಲು ಬಂದ ತಾಯಿ ಬಾಗಿಲಲ್ಲೇ ನಿಂತು ಹೊಟ್ಟೆ ಎಡಕ್ಕೆ ವಾಲಿದೆಯಲ್ಲ ಎಂದಳು. ಅದನ್ನೂ ನುಂಗಿಕೊಂಡಳು. ಆದರೆ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಬರುವ ಮಗುವಿಗೆಂದು ಅಳಿಯ ರಜೆ ಹಾಕಿ ತಾನೇ ಹಳದಿ ಬಣ್ಣ ಬಳಿದಿದ್ದ ಕೋಣೆಯ ಗೋಡೆಗಳ ಮೇಲೆಲ್ಲ ಕೆಂಪು ಬಾಣಗಳು. ಬ್ರಶ್ಶಿನ ಕೂದಲು ಅಂಟಿದ ಕಡೆ, ಬಣ್ಣ ಇಳಿದ ಕಡೆ, ಮೂಲೆ ಬಿಟ್ಟುಹೋದ ಕಡೆ. ಅಳಿಯ ಪಾಪ ಕುರ್ಚಿ ಹತ್ತಿ ಒಂದೊಂದನ್ನೇ ಉಗುರಿನಿಂದ ಕೀಳುತ್ತ ನಿಂತಿದ್ದ. ಬಾಣದ ಜೊತೆ ಬಣ್ಣವೂ ಕಿತ್ತು ಬರುತ್ತಿತ್ತು.

ಮಗಳು ಕೂಗಾಡಲಿಲ್ಲ, ಅದೇ ಭಯದ ವಿಷಯ. ಹೆರಿಗೆಗೆ ನೀನು ಬರಬೇಡ, ಚಿಕ್ಕಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದಳು. ಬಾಣದಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಹುಟ್ಟುವ ಮಗುವನ್ನು ಮೊದಲು ನೋಡುವುದು ತಾನೇ ಎಂದು ಅವಳು ಯಾವಾಗಲೋ ತೀರ್ಮಾನಿಸಿಕೊಂಡಿದ್ದಳು. ಅದಕ್ಕೆಂದು ಕಾರ್ಖಾನೆಯಲ್ಲಿ ರಜೆ ಉಳಿಸಿಟ್ಟಿದ್ದಳು, ಯಾರೂ ಕಾಣದಾಗ ಪುಟ್ಟ ಪುಟ್ಟ ಕಾಲುಚೀಲ ಹೆಣೆದಿಟ್ಟಿದ್ದಳು. ಗೋಡೆ ಸರಿಯಿಲ್ಲ ಎಂದು ಹೇಳಿದ್ದಕ್ಕೆ ಮೊಮ್ಮಗುವನ್ನೇ ಕಳೆದುಕೊಳ್ಳುವುದೆಂದರೆ ಯಾವ ನ್ಯಾಯ? ಅವಳು ಅತ್ತಳು. ಅಳುವಾಗಲೂ ಕಣ್ಣು ಮೂಲೆಯಲ್ಲಿ ಬಿಟ್ಟುಹೋದ ಬಣ್ಣದ ಮೇಲೇ ಇತ್ತು.

ಕೊನೆಗೆ ಮಗಳು ಒಂದು ಪರೀಕ್ಷೆ ಇಟ್ಟಳು. ಚಿಕ್ಕಮ್ಮ ಎಲ್ಲೋ ಕೆರೆ ದಂಡೆಯ ಮನೆಯಲ್ಲಿ ನಡೆಯುವ ಕೌದಿ ಹೊಲಿಯುವ ಶಿಬಿರಕ್ಕೆ ಹೊರಟಿದ್ದಾಳೆ, ಶನಿವಾರ ಭಾನುವಾರ ಅವಳ ಜೊತೆ ನೀನೂ ಹೋಗಬೇಕು. ಎರಡು ದಿನ ಯಾವುದರಲ್ಲೂ ಒಂದೇ ಒಂದು ತಪ್ಪು ಎತ್ತಿ ಆಡಬಾರದು. ಚಿಕ್ಕಮ್ಮ ಹೂಂ ಅಂದರೆ ಬಾ, ಇಲ್ಲದಿದ್ದರೆ ಮಗುವಿನ ಫೋಟೋ ಕಳಿಸುತ್ತೇನೆ. ಬಾಣದಕ್ಕ ಒಪ್ಪಿದಳು. ಎರಡು ದಿನ ಬಾಯಿ ಮುಚ್ಚುವುದು ಯಾವ ಮಹಾ ಎಂದುಕೊಂಡಳು.

ಇನ್ನು ಈ ತಂಗಿಯ ವಿಷಯ ಹೇಳಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಅಳತೆಪಟ್ಟಿಯಾದರೆ ಇನ್ನೊಬ್ಬಳು ಗಾಳಿಪಟ. ಅವಳದು ಎರಡು ಕುರ್ಚಿಯ ಬ್ಯೂಟಿ ಪಾರ್ಲರ್. ಅಲ್ಲಿ ಕೂದಲು ಕತ್ತರಿಸಿಕೊಂಡು ಬಂದವರಲ್ಲಿ ಹಣೆಯ ಮೇಲಿನ ಕೂದಲು ಎರಡೂ ಕಡೆ ಸಮ ಇರುವವರನ್ನು ಯಾರೂ ಕಂಡಿಲ್ಲ. ಗಿರಾಕಿ ಕನ್ನಡಿ ನೋಡಿ ಮುಖ ಸಣ್ಣ ಮಾಡಿದರೆ ತಂಗಿಯ ಉತ್ತರ ಒಂದೇ, ಬೆಳೆಯುತ್ತೆ ಬಿಡಿ. ವಿಚಿತ್ರವೆಂದರೆ ಅವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಅವಳು ಅರ್ಧ ಹೆಣೆದ ಸ್ವೆಟರು, ಅರ್ಧ ಕಲಿತ ಕಾರು, ಅರ್ಧ ಓದಿದ ಕೋರ್ಸು ಮನೆಯ ತುಂಬ ಬಿದ್ದಿದ್ದವು. ಮಕ್ಕಳಿಲ್ಲದ ಅವಳ ಬಳಿಗೆ ಅಕ್ಕನ ಮಗಳು ಚಿಕ್ಕಂದಿನಿಂದ ಓಡಿ ಹೋಗುತ್ತಿದ್ದಳು, ಸೊಟ್ಟ ಕೂದಲು ಮಾಡಿಸಿಕೊಂಡು ನಗುತ್ತ ಬರುತ್ತಿದ್ದಳು. ಬಾಣದಕ್ಕ ಅವಳನ್ನು ಮತ್ತೆ ಕೂರಿಸಿ ಆ ಕೂದಲನ್ನು ಸಮ ಮಾಡುತ್ತಿದ್ದಳು. ಆಗ ನಗು ನಿಲ್ಲುತ್ತಿತ್ತು.

ಬಸ್‌ ನಿಲ್ದಾಣದಲ್ಲಿ ತಂಗಿ ಮೊದಲು ಮಾಡಿದ ಕೆಲಸ ಅಕ್ಕನ ಮುಂದೆ ಕೈ ಚಾಚಿದ್ದು. ಬಾಣದಕ್ಕ ಮಣಿಕಟ್ಟಿನಿಂದ ಸುರುಳಿ ಬಿಚ್ಚಿಕೊಟ್ಟಳು. ಅದು ತಂಗಿಯ ಚೀಲದೊಳಗೆ ಬಾಚಣಿಗೆಗಳ ನಡುವೆ ಬಿತ್ತು. ಆ ಕ್ಷಣದಲ್ಲಿ ಅವಳ ಮುಖ ನೋಡಿದವರು ಯಾರೋ ಹತ್ತಿರದವರು ತೀರಿಕೊಂಡಿದ್ದಾರೆಂದು ತಿಳಿಯುತ್ತಿದ್ದರು.

ಶಿಬಿರದ ಮನೆಯ ಬಾಗಿಲಲ್ಲೇ ಒಂದು ಹಲಗೆ ತೂಗುಹಾಕಿತ್ತು: ಇಲ್ಲಿ ತಪ್ಪು ಎಂಬುದೇ ಇಲ್ಲ. ಹಲಗೆ ಎಡಕ್ಕೆ ವಾಲಿತ್ತು. ಬಾಣದಕ್ಕ ಅದನ್ನು ನೋಡಿ ಕಣ್ಣು ಮುಚ್ಚಿ, ತೆರೆದು, ಒಳಗೆ ಹೋದಳು. ಶಿಬಿರದ ಯಜಮಾನಿ ಹಿಂದೆ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವಳು. ನಿವೃತ್ತಿಯಾದ ಮೇಲೆ ಜನರಿಗೆ ನೆಮ್ಮದಿ ಮಾರಲು ಕೂತಿದ್ದಳು. ಗಟ್ಟಿ ಹಣ ಕೊಟ್ಟು ಬಂದ ಹೆಂಗಸರಿಗೆ ಒಂದು ಸೂಜಿ, ಒಂದಷ್ಟು ಚಿಂದಿ, ಮೂರು ಹೊತ್ತು ಊಟ, ಜೊತೆಗೆ ಸೂಜಿ ನಿಮ್ಮ ಉಸಿರು, ನೂಲು ನಿಮ್ಮ ಮನಸ್ಸು ಎಂಬ ಮಾತು ಸಿಗುತ್ತಿತ್ತು. ಹೊಟ್ಟೆಪಾಡಿಗೆ ದಿನವಿಡೀ ಸೂಜಿ ಹಿಡಿಯುವ ಹುಡುಗಿಯರನ್ನು ಕಂಡಿದ್ದ ಬಾಣದಕ್ಕನಿಗೆ, ದುಡ್ಡು ಕೊಟ್ಟು ಹೊಲಿಯುವವರನ್ನು ನೋಡಿ ತಲೆ ತಿರುಗಿತು. ಆದರೂ ಅದು ಆಡಬಾರದ ಮಾತುಗಳ ಪಟ್ಟಿಗೆ ಸೇರಿತು.

ಬಂದಿದ್ದವರಲ್ಲಿ ಒಬ್ಬಳು ಹಲ್ಲಿನ ಡಾಕ್ಟರು. ಅವಳು ಹಲ್ಲು ಕಟ್ಟುವ ಹಾಗೆಯೇ ಹೊಲಿಯುತ್ತಿದ್ದಳು, ಬಟ್ಟೆ ಮುದುಡಿ ಮುಷ್ಟಿಯಾಗುವಷ್ಟು ಬಿಗಿ. ಇಬ್ಬರು ಗೆಳತಿಯರಿದ್ದರು. ಸೂಜಿಪೆಟ್ಟಿಗೆ, ಕತ್ತರಿ, ಹೊಲಿಗೆ ಬಿಚ್ಚುವ ಕೊಕ್ಕೆ, ಸೀಮೆಸುಣ್ಣ ಎಲ್ಲ ಹೊಸದಾಗಿ ಕೊಂಡು ತಂದು, ಹೊಲಿಯುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಿದ್ದರು. ಯಜಮಾನಿಯ ಸ್ವಂತ ಹೊಲಿಗೆಯಂತೂ ಎರಡು ಬೆರಳಿಗೊಂದು ಹಾರುತ್ತಿತ್ತು. ಭೂಪಟದಲ್ಲಿ ಖಂಡದಿಂದ ಖಂಡಕ್ಕೆ ಹೋಗಿ ಅಭ್ಯಾಸವಾದ ಕೈ.

ಬಾಣದಕ್ಕ ನಡುವೆ ಕೂತಿದ್ದಳು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಅವಳ ಬಾಯಲ್ಲಿತ್ತು. ಡಾಕ್ಟರು ತನ್ನ ಮುಷ್ಟಿಯನ್ನು ಬಿಡಿಸಿ ತೋರಿಸಿ ಹೇಗಿದೆ ಎಂದು ಕೇಳಿದಾಗ ಅವಳು ಬಹಳ ಹೊತ್ತು ಹುಡುಕಿ, ಬಟ್ಟೆ ಒಳ್ಳೆಯದಿದೆ ಎಂದಳು. ಗೆಳತಿಯರು ಕೇಳಿದಾಗ, ಬಣ್ಣ ಚೆನ್ನಾಗಿದೆ ಎಂದಳು. ಯಜಮಾನಿಯ ಹೊಲಿಗೆಗೆ ಏನೂ ಸಿಗದೆ ಸುಮ್ಮನೆ ತಲೆಯಾಡಿಸಿದಳು. ಆಗ ಆದದ್ದೇ ಬೇರೆ. ಮಾತಾಡದವರನ್ನು ಜನ ಜ್ಞಾನಿಗಳೆಂದು ತಿಳಿಯುವುದು ಎಲ್ಲ ಊರಿನ ಕಾಯಿಲೆ. ಸಂಜೆಯ ಹೊತ್ತಿಗೆ ಶಿಬಿರದಲ್ಲೆಲ್ಲ ಅವಳದೇ ಮಾತು: ಎಂಥ ತಾಳ್ಮೆ, ಎಂಥ ಶಾಂತಿ. ಅವರವರ ಸೊಟ್ಟ ಹೊಲಿಗೆ ಹಿಡಿದು ಬಂದು ಅವಳ ಪಕ್ಕ ಕೂತು ಮನೆಯ ಕಷ್ಟ ಹೇಳಿಕೊಳ್ಳತೊಡಗಿದರು. ಅವಳು ಕೇಳಿಸಿಕೊಂಡಳು. ಅವಳ ಬಲಗೈ ಬೆರಳುಗಳು ಮಾತ್ರ ಎಡ ಮಣಿಕಟ್ಟಿನಿಂದ ಇಲ್ಲದ ಬಾಣ ಕಿತ್ತು ಎದುರಿನವರ ಬಟ್ಟೆಗೆ ಒತ್ತುತ್ತಿದ್ದವು. ಅದನ್ನು ಅವರು ಸಾಂತ್ವನ ಎಂದುಕೊಂಡರು. ದೂರದಿಂದ ನೋಡುತ್ತಿದ್ದ ತಂಗಿಗೆ ನಗು ತಡೆಯಲಾಗದೆ ಹೊರಗೆ ಹೋಗಬೇಕಾಯಿತು.

ಅಕ್ಕತಂಗಿಯರು ಹೊಲಿಯುತ್ತಿದ್ದುದು ಹುಟ್ಟಲಿರುವ ಮಗುವಿಗೆ ಒಂದು ಪುಟ್ಟ ಕೌದಿ. ಅರ್ಧ ಅಕ್ಕನದು, ಅರ್ಧ ತಂಗಿಯದು. ಅಕ್ಕನ ಅರ್ಧದಲ್ಲಿ ಸಾಲುಗಳು ರೈಲುಹಳಿಯ ಹಾಗೆ. ತಂಗಿಯ ಅರ್ಧದಲ್ಲಿ ಎತ್ತು ಉಚ್ಚೆ ಹೊಯ್ದ ಹಾಗೆ. ಸಾಲದೆಂದು ತಂಗಿ ತನ್ನ ಅರ್ಧವನ್ನು ಶಿಬಿರದ ತುಂಬ ಹೊತ್ತುಕೊಂಡು ತಿರುಗಿದಳು. ಮಗುವಿಗೆ ನಿಮ್ಮದೂ ಒಂದು ಸಾಲು ಇರಲಿ ಎಂದು ಎಲ್ಲರ ಕೈಗೂ ಕೊಟ್ಟಳು. ಡಾಕ್ಟರು ಒಂದು ಸಾಲು ಬಿಗಿದಳು. ಗೆಳತಿಯರು ನಗುತ್ತ ಒಂದೊಂದು ಹೊಲಿದರು. ಯಜಮಾನಿ ಖಂಡಾಂತರ ಹಾರಿದಳು. ಹೀಗೆ ಶನಿವಾರ ಕತ್ತಲಾಗುವಷ್ಟರಲ್ಲಿ ಕೌದಿ ಮುಗಿದಿತ್ತು, ತಂಗಿ ಅದನ್ನು ಹರಡಿಕೊಂಡು ಮಗುವಿನ ಹಾಗೆ ಸವರುತ್ತ ಕೂತಿದ್ದಳು. ಬಾಣದಕ್ಕ ಆ ಕಡೆ ಬೆನ್ನು ಹಾಕಿ ಮಲಗಿದಳು.

ಭಾನುವಾರ ತಿಂಡಿಯಾದ ಮೇಲೆ ಯಜಮಾನಿ ಎಲ್ಲರನ್ನೂ ದೋಣಿಯಲ್ಲಿ ಕೆರೆಯ ಆಚೆ ದಂಡೆಗೆ ಕರೆದೊಯ್ದಳು. ಮಧ್ಯಾಹ್ನದ ಊಟವೂ ಅಲ್ಲೇ. ಬಾಣದಕ್ಕ ತಲೆನೋವೆಂದು ಉಳಿದಳು. ಸುಳ್ಳಲ್ಲ, ನುಂಗಿದ ಮಾತುಗಳೆಲ್ಲ ತಲೆಗೇರಿದ್ದವು. ಇನ್ನು ಅರ್ಧ ದಿನ ಕಳೆದರೆ ಮೊಮ್ಮಗು ತನ್ನದು. ಕೋಣೆಯಲ್ಲಿ ಅವಳು, ಕಿಟಕಿಯ ಬೆಳಕು, ಮಂಚದ ಮೇಲೆ ಕೌದಿ.

ಅವಳು ಕೌದಿಯನ್ನು ಮಡಚಿಡಲು ಎತ್ತಿಕೊಂಡಳು. ಅಷ್ಟೇ ಉದ್ದೇಶ. ತಂಗಿಯ ಮೊದಲ ಸಾಲಿನ ತುದಿಯಲ್ಲಿ ನೂಲೊಂದು ಸಡಿಲವಾಗಿತ್ತು. ಹಾಗೇ ಬಿಟ್ಟರೆ ಮಗುವಿನ ಬೆರಳಿಗೆ ಸಿಕ್ಕಿಕೊಂಡೀತು, ಇದು ತಪ್ಪು ಹುಡುಕುವುದಲ್ಲ, ಕಾಳಜಿ. ಆ ನೂಲು ಎಳೆದಳು. ಇಡೀ ಸಾಲು ಬಿಚ್ಚಿಕೊಂಡು ಬಂತು. ಬಿಚ್ಚಿದ್ದನ್ನು ಹಾಗೇ ಬಿಡುವುದುಂಟೇ? ಹೊಲಿದಳು. ಆ ಸಾಲು ನೇರವಾದದ್ದೇ ಪಕ್ಕದ ಸಾಲು ಮತ್ತಷ್ಟು ಸೊಟ್ಟ ಕಂಡಿತು. ಗೆಳತಿಯರು ಬಿಟ್ಟುಹೋಗಿದ್ದ ಹೊಸ ಕೊಕ್ಕೆ ಮೇಜಿನ ಮೇಲೇ ಇತ್ತು. ಬಾಯಿ ಮುಚ್ಚಬೇಕೆಂದು ಮಗಳು ಹೇಳಿದ್ದಳು, ಕೈಯ ವಿಷಯ ಯಾರೂ ಎತ್ತಿರಲಿಲ್ಲ. ಇರುಳು ಕಂಡ ಬಾವಿಯಲ್ಲಿ ಹಗಲು ಬೀಳುವುದೆಂದರೆ ಇದೇ. ಡಾಕ್ಟರ ಗಂಟು ಬಿಚ್ಚಿದಳು, ಗೆಳತಿಯರ ನಗು ಬಿಚ್ಚಿದಳು, ಯಜಮಾನಿಯ ಖಂಡಗಳನ್ನು ಕಿತ್ತು ಹಾಕಿದಳು. ಯಾರ ಹೊಲಿಗೆ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿದಳು. ಎರಡು ದಿನದಲ್ಲಿ ಮೊದಲ ಸಲ ತಲೆನೋವು ಇಳಿಯಿತು. ಕೊನೆಯ ಗಂಟು ಕಡಿಯುವಾಗ ಅವಳು ಯಾವುದೋ ಹಾಡು ಗುನುಗುತ್ತಿದ್ದಳು.

ಸಂಜೆ ಎಲ್ಲರ ಕೌದಿಗಳನ್ನೂ ಹಜಾರದಲ್ಲಿ ಹಗ್ಗಕ್ಕೆ ನೇತುಹಾಕಿದರು. ಮಗುವಿನ ಕೌದಿಯ ಮುಂದೆ ಡಾಕ್ಟರು ಕನ್ನಡಕ ಏರಿಸಿ ತನ್ನ ಸಾಲು ಹುಡುಕತೊಡಗಿದಾಗ ಬಾಣದಕ್ಕ ಮೆಲ್ಲಗೆ ಬಾಗಿಲ ಕಡೆ ಸರಿದಳು. ಡಾಕ್ಟರು ಮೇಲಿಂದ ಕೆಳಗೆ ನೋಡಿದಳು, ಒಂದು ಸಾಲಿನ ಮೇಲೆ ಬೆರಳಿಟ್ಟಳು, ಮುಖ ಅರಳಿತು. ಇದೇ ನನ್ನದು, ನೋಡಿ ಎಷ್ಟು ನೇರ ಬಂದಿದೆ ಎಂದಳು. ಗೆಳತಿಯರು ಓಡಿ ಬಂದು ಅದರ ಪಕ್ಕದ ಎರಡು ತಮ್ಮವೆಂದರು. ಯಜಮಾನಿ ಹಿಂದೆ ಸರಿದು ನಿಂತು, ಮನಸ್ಸು ನೇರವಾದರೆ ನೂಲು ತಾನೇ ನೇರವಾಗುತ್ತದೆ ಎಂದು ನಾನು ಹೇಳಿರಲಿಲ್ಲವೇ ಎಂದು ಎಲ್ಲರನ್ನೂ ಕೇಳಿದಳು. ತಾವು ಹೊಲಿಯದ ಹೊಲಿಗೆಯ ಮುಂದೆ ನಿಂತು ಎಲ್ಲರೂ ಒಬ್ಬರಾದ ಮೇಲೊಬ್ಬರು ಫೋಟೋ ತೆಗೆಸಿಕೊಂಡರು. ಹಲಗೆಯ ಮೇಲಿನ ಮಾತು ಅಂತೂ ನಿಜವಾಯಿತು, ಆ ಹಜಾರದಲ್ಲಿ ತಪ್ಪು ಎಂಬುದೇ ಉಳಿದಿರಲಿಲ್ಲ.

ತಂಗಿ ಮಾತ್ರ ಫೋಟೋಕ್ಕೆ ನಿಲ್ಲಲಿಲ್ಲ. ಕೌದಿಯ ಹತ್ತಿರ ಹೋದಳು, ತನ್ನ ಅರ್ಧದ ಮೇಲೆ ಒಮ್ಮೆ ಅಂಗೈ ಆಡಿಸಿದಳು, ಹಗ್ಗದಿಂದ ಇಳಿಸಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ಇಬ್ಬರೂ ಕೂತರು. ದಾರಿಯಲ್ಲಿ ಹೋಗುವ ಬೆಕ್ಕಿನ ಜೊತೆಗೂ ಮಾತಾಡುವ ತಂಗಿ ಸುಮ್ಮನಿದ್ದಳು. ಬಾಣದಕ್ಕನಿಗೆ ಆ ಮೌನ ಸಹಿಸಲಾಗಲಿಲ್ಲ. ಒಳಗಿನ ಹಾಸು ಜರುಗುತ್ತಿತ್ತು, ಅದಕ್ಕೇ ಸ್ವಲ್ಪ ಸರಿಮಾಡಿದೆ ಎಂದಳು.

"ನಾನು ಶುರು ಮಾಡಿ ಪೂರ್ತಿ ಮುಗಿಸಿದ್ದು ಅದೊಂದೇ ಆಗಿತ್ತು ಅಕ್ಕಾ" ಎಂದಳು ತಂಗಿ. "ಹುಟ್ಟಿದಾಗಿಂದ ಅದೊಂದೇ."

ಅಷ್ಟರಲ್ಲೇ ತಂಗಿಗೆ ಫೋನು ಬಂತು. ಮಗಳದು. ತಂಗಿ ಅಕ್ಕನ ಮುಖ ನೋಡದೆ ಫೋನೆತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ಎರಡು ದಿನ ನಿಮ್ಮಮ್ಮ ಒಂದೇ ಒಂದು ತಪ್ಪು ಎತ್ತಿ ಆಡಲಿಲ್ಲ ಕಣೇ" ಎಂದಳು. "ಒಂದು ಮಾತಿಲ್ಲ. ಕರೆಸ್ಕೋ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಕಡೆಯಿಂದ ಮಗಳು ನಂಬಲಾರದೆ ನಕ್ಕದ್ದು ಕೇಳಿಸಿತು. ಬಾಣದಕ್ಕ ಬೇಕೆಂದು ಬಂದದ್ದು ಕೈಗೆ ಸಿಕ್ಕಿತ್ತು. ಬುದ್ಧಿವಂತರಾದವರು ಬಸ್ಸು ಬಂತೆಂದು ಎದ್ದು ಹೋಗುತ್ತಿದ್ದರು. ಆದರೆ ಹಾಳಾದ್ದು ಆ ಕಣ್ಣು. ಮೂವತ್ತು ವರ್ಷ ಯಾವ ಕೆಟ್ಟ ಅಂಗಿಯ ಮೇಲೂ ಪಾಸು ಮುದ್ರೆ ಬೀಳಲು ಬಿಡದ ಕಣ್ಣಿಗೆ ಈ ಮುದ್ರೆ ಸುಳ್ಳು ಎಂದು ಕಾಣುತ್ತಿತ್ತು. ಪಕ್ಕದಲ್ಲಿ ತಂಗಿಯ ಕೆನ್ನೆ ಒದ್ದೆಯಾಗಿತ್ತು, ಅದೂ ಕಾಣುತ್ತಿತ್ತು. ಅವಳು ಫೋನು ಕಿತ್ತುಕೊಂಡಳು.

"ಇದು ಪಾಸಲ್ಲ ಮಗಾ. ನಿನ್ನ ಚಿಕ್ಕಮ್ಮ ತೂತು ಮುಚ್ಚಿ ಕಳಿಸ್ತಿದಾಳೆ" ಎಂದು ನಡೆದದ್ದನ್ನೆಲ್ಲ ಹೇಳಿದಳು.

"ಎಲ್ಲಾನೂ ಬಿಚ್ಚಿದ್ಯಾ?"

"ಎಲ್ಲಾನೂ."

"ಚಿಕ್ಕಮ್ಮ ಹೊಲಿದದ್ದೂ?"

"ಅವಳದೇ ಮೊದಲು."

ಆಮೇಲೆ ಮಗಳು ಹೇಳಿದಳು: "ಹಾಗಾದ್ರೆ ಅದು ಹೇಗಿತ್ತೋ ಹಾಗೇ ಹೊಲ್ಕೊಂಡು ಬಾ. ಡೊಂಕು ಅಂದ್ರೆ ಡೊಂಕು. ಚಿಕ್ಕಮ್ಮ ನೋಡಿ ಹೂಂ ಅನ್ಬೇಕು. ಅಲ್ಲೀವರೆಗೆ ಬರ್ಬೇಡ."

ಹೀಗೆ ಬಾಣದಕ್ಕನ ಜೀವನದ ಅತಿ ಕಷ್ಟದ ಕೆಲಸ ಶುರುವಾಯಿತು. ಕಾರ್ಖಾನೆಯಿಂದ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಕೌದಿ ಹರಡುವುದು, ತನ್ನದೇ ನೇರ ಸಾಲುಗಳನ್ನು ಬಿಚ್ಚುವುದು, ಸೊಟ್ಟ ಹೊಲಿಯುವುದು. ಬೇರೆಯವರ ಸಾಲುಗಳು ಹೇಗೋ ಬಂದವು. ಡಾಕ್ಟರು ಎಲ್ಲಿ ಬಿಗಿದಿದ್ದಳು, ಯಜಮಾನಿ ಎಲ್ಲಿ ಹಾರಿದ್ದಳು, ಗೆಳತಿಯರ ನೂಲು ಯಾವ ನಗುವಿಗೆ ನಿಂತಿತ್ತು, ಎಲ್ಲವೂ ಅವಳಿಗೆ ಬಾಯಿಪಾಠವಿತ್ತು. ಒಬ್ಬ ಚೆಕ್ಕರಿಗೆ ಜನ ನೆನಪಿರುವುದು ಅವರ ತಪ್ಪಿನಿಂದಲೇ. ತೊಡಕಾದದ್ದು ತಂಗಿಯ ಹೊಲಿಗೆ. ಬಾಣದಕ್ಕ ಡೊಂಕಾಗಿ ಹೊಲಿದರೆ ಡೊಂಕುಗಳೆಲ್ಲ ಒಂದೇ ಅಳತೆಗೆ ಬರುತ್ತಿದ್ದವು. ನಾಯಿಯ ಬಾಲ ಯಾವತ್ತೂ ಡೊಂಕು ಎನ್ನುತ್ತಾರೆ. ಇವಳ ಬಾಲ ಯಾವತ್ತೂ ನೆಟ್ಟಗೆ, ಯಾವ ಕೊಳವೆಗೆ ಹಾಕಿದರೂ ಬಾಗದು.

ಭಾನುವಾರ ಭಾನುವಾರ ತಂಗಿ ಪರೀಕ್ಷೆಗೆ ಬರುತ್ತಿದ್ದಳು. ಬರುವಾಗ ಮಣಿಕಟ್ಟಿನಲ್ಲಿ ಕೆಂಪು ಬಾಣದ ಸುರುಳಿ. ನೇರವಾಗಿ ಕಂಡಲ್ಲೆಲ್ಲ ಒಂದು ಬಾಣ ಅಂಟಿಸುವಳು. ಕಣ್ಣಿಗೆ ಎಂದೂ ಏನೂ ಕಾಣದ ತಂಗಿ, ಅದೆಲ್ಲಿತ್ತೋ ಅಷ್ಟು ಚುರುಕು, ಒಂದು ಗೆರೆ ನೆಟ್ಟಗಿದ್ದರೂ ಬಿಡುತ್ತಿರಲಿಲ್ಲ. "ಇದು ಡೊಂಕಲ್ಲ, ಡಿಸೈನು. ಬಿಚ್ಚು" ಎನ್ನುವಳು. ನೀನೇ ಒಂದು ಸಾಲು ಹೊಲಿದುಬಿಡು ಎಂದು ಅಕ್ಕ ಅಂಗಲಾಚಿದಾಗ, ಬಿಚ್ಚಿದ್ದು ಯಾರು ಎಂದು ಕೇಳಿ ಚಹಾ ಕುಡಿದು ಹೋಗುವಳು. ಬಾಣದಕ್ಕನ ಗಂಡ ಆ ಭಾನುವಾರಗಳಂದು ಎಲ್ಲೂ ಹೊರಗೆ ಹೋಗುತ್ತಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದ.

ಕೊನೆಗೆ ಬಾಣದಕ್ಕ ಒಂದು ದಿನ ರಜೆ ಹಾಕಿ ತಂಗಿಯ ಪಾರ್ಲರಿಗೇ ಹೋಗಿ ಖಾಲಿ ಕುರ್ಚಿಯಲ್ಲಿ ಕೂತಳು, ಈ ಡೊಂಕು ಹುಟ್ಟುವುದೆಲ್ಲಿಂದ ಎಂದು ನೋಡಲು. ತಂಗಿ ಕತ್ತರಿಯನ್ನು ನೋಡುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುತ್ತಿದ್ದಳು, ನಿನ್ನ ಗಂಡನ ಜ್ವರ ಇಳಿಯಿತೇ ಎಂದು ಕೇಳುತ್ತಿದ್ದಳು, ಅವಳು ಅತ್ತರೆ ಕತ್ತರಿ ನಿಲ್ಲಿಸಿ ಹೆಗಲು ಒತ್ತುತ್ತಿದ್ದಳು. ಕತ್ತರಿ ಮತ್ತೆ ಶುರುವಾಗುವುದು ಬೇರೆಲ್ಲಿಂದಲೋ. ಬಾಣದಕ್ಕ ಆ ದಿನ ಮನೆಗೆ ಬಂದು ಹೊಲಿಗೆ ನೋಡದೆ ಗಂಡನ ಮುಖ ನೋಡುತ್ತ ಹೊಲಿದಳು. ಗಂಡನಿಗೆ ಗಾಬರಿಯಾಯಿತು. ಅವಳ ಬೆರಳಿಗೆ ಸೂಜಿ ಚುಚ್ಚಿತು. ಆದರೆ ಸಾಲು ಮೊದಲ ಸಲ ಬಾಗಿತು. ನೋಡಿದರೆ ಗಂಡನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಆಯಿತು ಎಂದು ಕೇಳಿದಳು. ಆಗಲೇ ಬಹಳ ವರ್ಷವಾಯಿತು ಎಂದ ಅವನು.

ಒಂದೇ ಒಂದು ಸಾಲು ಉಳಿದಿತ್ತು, ಪಟ್ಟು ಬಿಡದೆ ನೆಟ್ಟಗೆ, ಅದರ ಮೇಲೆ ತಂಗಿಯ ಬಾಣ, ಆಗ ಅಳಿಯನ ಫೋನು ಬಂತು. ದಿನಕ್ಕೆ ಮೊದಲೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ ಎಂದ. ತಂಗಿ ಚೀಲ ಹಿಡಿದು ಓಡಿಬಂದಳು. ಬಾಣದಕ್ಕ ಮೇಜಿನ ಮುಂದಿನಿಂದ ಏಳಲಿಲ್ಲ. ಇನ್ನೂ ಒಂದು ಸಾಲಿದೆ, ನೀನು ಹೂಂ ಅಂದಿಲ್ಲ ಎಂದಳು. ಅಷ್ಟು ದಿನ ಬಾಣ ಬಿಟ್ಟ ತಂಗಿ ಅಕ್ಕನ ಮುಖ ನೋಡಿದಳು.

"ಹೂಂ. ಏಳು ಅಕ್ಕಾ" ಎಂದಳು.

ಅವರು ಹೋಗಿ ಮುಟ್ಟುವಷ್ಟರಲ್ಲಿ ಮಗು ಹುಟ್ಟಿ ಎರಡು ನಿದ್ದೆ ಮುಗಿಸಿತ್ತು. ಮೊದಲು ನೋಡುವ ಆಸೆ ಹೋಯಿತು. ಅಳಿಯ, ಇಬ್ಬರು ದಾದಿಯರು, ಒಬ್ಬ ಕಸಗುಡಿಸುವವಳು ಎಲ್ಲರೂ ಅವಳಿಗಿಂತ ಮೊದಲೇ ನೋಡಿಯಾಗಿತ್ತು. ಮಗಳು ದಿಂಬಿಗೆ ಒರಗಿ ಕೌದಿ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಳು, ಆ ಎಡವಟ್ಟು ಸಾಲುಗಳ ಮೇಲೆ ಕೈಯಾಡಿಸಿದಳು. ಬಾಣ ಕಂಡಿತು.

"ಇಲ್ಲೇನಮ್ಮ ತಪ್ಪು?"

"ಅದು ನೇರ ಬಂದ್ಬಿಟ್ಟಿದೆ" ಎಂದಳು ಬಾಣದಕ್ಕ. "ಎಷ್ಟು ಮಾಡಿದ್ರೂ ಆಗ್ಲಿಲ್ಲ."

ಮಗಳು ಮಗುವನ್ನು ಎತ್ತಿ ಅವಳ ಕೈಗಿಟ್ಟಳು. ಬಾಣದಕ್ಕನ ಕಣ್ಣು ತನ್ನ ಕ್ರಮದಲ್ಲಿ ಇಳಿಯಿತು: ತಲೆ, ಕುತ್ತಿಗೆ, ತೋಳು, ಪಕ್ಕ, ಕಾಲು. ಮತ್ತೆ ಮೇಲೆ ಬಂತು. ಎಡಗಿವಿ ಸರಿಯಿತ್ತು. ಬಲಗಿವಿಯ ಮೇಲಂಚು ಮಡಚಿಕೊಂಡಿತ್ತು, ಪುಸ್ತಕದ ಪುಟದ ಮೂಲೆಯ ಹಾಗೆ. ಅವಳು ನೋಡಿದ್ದನ್ನು ಮಗಳು ನೋಡಿದಳು, ತಂಗಿ ನೋಡಿದಳು. ಅಳಿಯ ಗೋಡೆಗೆ ಆತುಕೊಂಡು ನಿಂತ. ಬಾಣದಕ್ಕನ ಬಲಗೈ ಬೆರಳುಗಳು ಎಡ ಮಣಿಕಟ್ಟಿನ ಕಡೆ ಹೊರಟವು, ಅಲ್ಲಿ ಏನೂ ಇರಲಿಲ್ಲ, ವಾಪಸು ಬಂದು ಮಗುವಿನ ಕಿವಿಯ ಮೇಲೆ ನಿಂತವು.

"ಬೆಳೆಯುತ್ತೆ ಬಿಡು" ಎಂದಳು.

ತಂಗಿ ನಗಲು ಹೋಗಿ ಅತ್ತಳು. ಬಾಣದಕ್ಕ ಮಗುವನ್ನು ಕೌದಿಯ ಮೇಲೆ ಮಲಗಿಸಲು ಬಗ್ಗಿದಾಗ ಮಗಳು ಆ ನೇರ ಸಾಲಿನಿಂದ ಬಾಣವನ್ನು ಮೆಲ್ಲಗೆ ಕಿತ್ತು ತಾಯಿಯ ಅಂಗಿಯ ಹಿಂದಿನ ಕಾಲರಿಗೆ ಅಂಟಿಸಿದಳು. ಅಲ್ಲಿ ನೂಲೇನೂ ಜೋತುಬಿದ್ದಿರಲಿಲ್ಲ. ಬಾಣದಕ್ಕ ಚಹಾ ತರುತ್ತೇನೆಂದು ಎದ್ದು, ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟಳು. ಎದುರು ಬಂದವರು ಹಾದುಹೋದ ಮೇಲೆ ತಿರುಗಿ, ಬಗ್ಗಿ ಬಗ್ಗಿ ನೋಡುತ್ತಿದ್ದರು. ತಂಗಿ ಹಿಂದೆಯೇ ಬರುತ್ತಿದ್ದಳು, ಎಲ್ಲ ಕಂಡಿತ್ತು, ಕ್ಯಾಂಟೀನಿನವರೆಗೂ ಬಾಯಿ ಬಿಡಲಿಲ್ಲ.